ಮೈಲೇಜು ಕೊಡೋ ಗಾಡಿಯೋ, ಮನೆ ಮುಟ್ಟಿಸೋ ಗಾಡಿಯೋ?

ದಾವಣಗೆರೆ: ಬೆಳಗಿನ ಜಾವ ಎಪಿಎಂಸಿ ಯಾರ್ಡಿನ ಕಡೆ ಒಂದು ಸುತ್ತು ಹಾಕಿ ಬನ್ನಿ. ಈ ಜಿಲ್ಲೆಯ ಹೊಟ್ಟೆಪಾಡು ಯಾವ ಚಕ್ರದ ಮೇಲೆ ಉರುಳುತ್ತಿದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಟೊಮೆಟೊ ಕ್ರೇಟು, ಮೆಕ್ಕೆಜೋಳದ ಚೀಲ, ಅಕ್ಕಿ ಮೂಟೆ, ಮಂಡಕ್ಕಿ ಚೀಲ, ವೀಳ್ಯದೆಲೆ ಪೆಂಡಿ. ಹಳ್ಳಿಯಿಂದ ಪೇಟೆಗೆ, ಪೇಟೆಯಿಂದ ಅಂಗಡಿ ಬಾಗಿಲಿಗೆ ಇವನ್ನೆಲ್ಲ ಹೊತ್ತು ತರುವುದು ದೊಡ್ಡ ಲಾರಿಯಲ್ಲ. ಮುಂದುಗಡೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಕೊಂಡ ಪುಟ್ಟ ಗಾಡಿ. ಕಂಪನಿಯವರು ಏನೇ ಹೆಸರಿಡಲಿ, ಜನರ ಬಾಯಲ್ಲಿ ಅದು ಪಿಕಪ್ಪು, ಇಲ್ಲವೇ ಲಗೇಜ್ ಗಾಡಿ.

ಈ ಗಾಡಿ ಓಡಿದರೆ ಊರು ಉಂಡಂತೆ. ನಿಂತರೆ? ಅದನ್ನು ಹರಿಹರದ ಬಸ್ಸಿನಲ್ಲಿ ದಿನಾ ಓಡಾಡುವ ನೌಕರರನ್ನು ಕೇಳಿ. ಪಿ.ಬಿ. ರಸ್ತೆಯಲ್ಲಿ ಲೋಡು ಸಮೇತ ಒಂದು ಗಾಡಿ ಕೈಕೊಟ್ಟು ಅಡ್ಡ ನಿಂತರೆ ಹಿಂದೆ ಬಸ್ಸುಗಳ ಸಾಲು. ಅಶೋಕ ರಸ್ತೆಯ ರೈಲ್ವೆ ಗೇಟಿನ ಹತ್ತಿರ ನಿಂತರಂತೂ ಅವತ್ತು ಆಫೀಸಿಗೆ ಅರ್ಧ ದಿನ ರಜೆ ಬರೆದ ಹಾಗೆಯೇ. ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ ಬೈಯುತ್ತಾರೆ. ಕೆಳಗೆ ಸೀಟು ಎತ್ತಿ ಎಂಜಿನ್ನು ನೋಡುತ್ತಾ ನಿಂತವನ ಮುಖ ಯಾರೂ ನೋಡುವುದಿಲ್ಲ. ಅವನ ಪಾಲಿಗೆ ಅದು ಬರೀ ಗಾಡಿಯಲ್ಲ ಸ್ವಾಮಿ, ಹೆಂಡತಿಯ ಬಳೆ ಅಡವಿಟ್ಟು, ಮಿಕ್ಕದ್ದಕ್ಕೆ ಫೈನಾನ್ಸ್ ಮಾಡಿಸಿ ತಂದ ಸಂಸಾರ.

ಹೊಸ ಗಾಡಿ ಎಲ್ಲರ ಕೈಗೆ ಎಟುಕುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಗಾಡಿಗೆ ಗಿರಾಕಿ ತಪ್ಪಿದ್ದಲ್ಲ. ಅಂಥ ಗಾಡಿ ಕೊಳ್ಳಲು ಹೋದ ನಮ್ಮ ಅಂಗಡಿಕಾರ ಬಾಯಿ ಬಿಟ್ಟರೆ ಮೊದಲು ಬರುವ ಮಾತು ಒಂದೇ: "ಅಣ್ಣಾ, ಎಷ್ಟು ಕೊಡ್ತತಿ?" ಬ್ರೋಕರು ಕಣ್ಣು ಮಿಟುಕಿಸದೆ, "ಇಪ್ಪತ್ತಕ್ಕೆ ಮೋಸ ಇಲ್ಲ ಬಿಡ್ರಿ" ಅನ್ನುತ್ತಾನೆ. ಇಲ್ಲಿಗೆ ಪರೀಕ್ಷೆ ಮುಗಿಯಿತು! ನೀರಲ್ಲಿ ಮುಳುಗಿದ ಎಮ್ಮೆಗೆ ದಂಡೆಯ ಮೇಲೆ ಕೂತು ಬೆಲೆ ಕಟ್ಟಿದ ಹಾಗೆ. ಈ ಗಾಡಿ ದಿನಾ ಸಂಜೆ ಮನೆಗೆ ಬರುತ್ತದೆಯೇ ಎಂಬ ಪ್ರಶ್ನೆ ಮಾತ್ರ ಕೇಳದೆ ಉಳಿಯುತ್ತದೆ. ಮೈಲೇಜು ದೊಡ್ಡದೋ, ಭರವಸೆ ದೊಡ್ಡದೋ? ಬನ್ನಿ, ಅಂಗಡಿಯ ಖಾತೆ ಪುಸ್ತಕದ ಹಾಗೆ ಒಂದೊಂದೇ ಕಲಂ ಬರೆದು ನೋಡೋಣ.

ಮೆಟಡಾರ್‌ನಿಂದ ಚೋಟಾ ಹಾತಿಯವರೆಗೆ

ಒಂದು ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಎತ್ತಿನ ಗಾಡಿ ಬಿಟ್ಟರೆ ಲಾರಿ. ನಡುವೆ ಏನೂ ಇಲ್ಲ. 1969ರಲ್ಲಿ ಬಜಾಜ್ ಟೆಂಪೋ ಕಂಪನಿಯ ಮೆಟಡಾರ್ ಬಂತು. ಎಷ್ಟು ಬಳಕೆಗೆ ಬಂತೆಂದರೆ ಸಣ್ಣ ಸರಕು ಗಾಡಿಗೆಲ್ಲ ಅದೇ ಹೆಸರಾಗಿ ಹೋಯಿತು. 80ರ ದಶಕದ ನಡುವಿನಲ್ಲಿ ಜಪಾನಿನವರ ಜೊತೆ ಸೇರಿ ಮಾಡಿದ ಸ್ವರಾಜ್ ಮಜ್ದಾ, ಡಿಸಿಎಂ ಟೊಯೊಟಾ, ಐಷರ್ ಮಿಟ್ಸುಬಿಷಿ, ಆಲ್ವಿನ್ ನಿಸ್ಸಾನ್ ಗಾಡಿಗಳು ಬಂದವು. ಆದರೆ ಚಿಲ್ಲರೆ ಅಂಗಡಿಯವನ ಅಳತೆಗೆ ಅವೂ ದೊಡ್ಡವೇ.

ಅವನ ಅಳತೆಗೆ ಸರಿಹೊಂದಿದ್ದು 2005ರ ಮೇ ತಿಂಗಳಲ್ಲಿ ಬಂದ ಟಾಟಾ ಏಸ್. ಎರಡು ಸಿಲಿಂಡರು, 702 ಸಿ.ಸಿ., 16 ಅಶ್ವಶಕ್ತಿಯ ಡೀಸೆಲ್ ಎಂಜಿನ್ನು. ಮುಕ್ಕಾಲು ಟನ್ನಿನ ಭಾರ. ಉತ್ತರದವರು ಪ್ರೀತಿಯಿಂದ ಚೋಟಾ ಹಾತಿ ಅಂದರು. ಆ ಹೆಸರು ಇಲ್ಲಿಗೂ ಬಂತು. 2011ರಲ್ಲಿ ಅಶೋಕ್ ಲೇಲ್ಯಾಂಡ್ ಮತ್ತು ನಿಸ್ಸಾನ್ ಕೂಡಿ ತಂದ ದೋಸ್ತ್ ಮೂರು ಸಿಲಿಂಡರಿನದು, ಸುಮಾರು ಒಂದೂಕಾಲು ಟನ್ನಿನದು. ಅದಕ್ಕೂ ಮೇಲೆ ಎರಡೂವರೆ ಲೀಟರಿನ ನಾಲ್ಕು ಸಿಲಿಂಡರು ಹೊತ್ತ ಮಹೀಂದ್ರ ಬೊಲೆರೊ ಪಿಕಪ್. 2016ರಲ್ಲಿ ಮಾರುತಿಯವರ ಸೂಪರ್ ಕ್ಯಾರಿ, 2019ರಲ್ಲಿ ಟಾಟಾ ಇಂಟ್ರಾ. ಇವತ್ತು ಸೆಕೆಂಡ್ ಹ್ಯಾಂಡ್ ಅಡ್ಡೆಯಲ್ಲಿ ಸಾಲಾಗಿ ನಿಂತು ನಮ್ಮ ಕಡೆ ನೋಡುವವು ಇವೇ.

ಒರಟಾಗಿ ವಿಂಗಡಿಸಿದರೆ ಎರಡೇ ಜಾತಿ. ಸಣ್ಣ ಎಂಜಿನ್ನಿನವು ಕಡಿಮೆ ಕುಡಿಯುತ್ತವೆ, ಆದರೆ ಅಳತೆ ಮೀರಿ ಹೇರಿದರೆ ಬೇಗ ಸುಸ್ತಾಗುತ್ತವೆ. ದೊಡ್ಡ ಎಂಜಿನ್ನಿನವು ಹೆಚ್ಚು ಕುಡಿಯುತ್ತವೆ, ಭಾರಕ್ಕೆ ಬೆನ್ನು ಕೊಡುತ್ತವೆ. ಇದರಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಹೇಳುವುದು ಎತ್ತು ಮೇಲೋ ಕುದುರೆ ಮೇಲೋ ಅಂದ ಹಾಗೆ. ನಿಮ್ಮ ಕೆಲಸ ಯಾವುದು ಎಂಬುದರ ಮೇಲೆ ಉತ್ತರ.

ಬಂಕಿನ ಲೆಕ್ಕ

ಮೈಲೇಜು ಕೇಳುವವರು ದಡ್ಡರಲ್ಲ. 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯ ಹಗ್ಗ ಬಿಟ್ಟಿತು. 2017ರ ಜೂನ್ 16ರಿಂದ ದಿನಕ್ಕೊಂದು ದರ ಎಂಬ ಪದ್ಧತಿ ಬಂತು. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿದಾಗ ಲೀಟರಿಗೆ 2 ರೂಪಾಯಿ ಹೆಚ್ಚಾಯಿತು. ಅಂಗಡಿಯವನು ಬೆಲ್ಲದ ಬೆಲೆ ಏರಿಸಿದರೆ ಗಿರಾಕಿ ಕೇಳುತ್ತಾನೆ. ಬಂಕಿನ ಬೋರ್ಡನ್ನು ಯಾರು ಕೇಳಬೇಕು?

ಲೆಕ್ಕಕ್ಕೆ ಲೀಟರಿಗೆ 90 ರೂಪಾಯಿ ಹಿಡಿಯೋಣ; ನೀವು ಕೊಳ್ಳುವ ದಿನದ ದರ ಹಾಕಿಕೊಂಡು ತಿದ್ದಿಕೊಳ್ಳಿ. ಎರಡು ಗಾಡಿಗಳಿವೆ ಅಂದುಕೊಳ್ಳಿ. ಮೊದಲನೆಯದು ಲೋಡಿನ ಮೇಲೆ 16 ಕಿ.ಮೀ. ಕೊಡುತ್ತದೆ, ಬೆಲೆಯೂ ಅಗ್ಗ, ಆದರೆ ಮೈಯಲ್ಲಿ ಸ್ವಲ್ಪ ರೋಗ. ಎರಡನೆಯದು 12 ಕೊಡುತ್ತದೆ, ಬೆಲೆ ಒಂದು ಲಕ್ಷ ಜಾಸ್ತಿ, ಆದರೆ ಗಟ್ಟಿಮುಟ್ಟು.

ದಿನಕ್ಕೆ 80 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಿಸಿದರೆ 2,000 ಕಿ.ಮೀ. ಮೊದಲನೆಯದಕ್ಕೆ 125 ಲೀಟರು, 11,250 ರೂಪಾಯಿ. ಎರಡನೆಯದಕ್ಕೆ ಸುಮಾರು 167 ಲೀಟರು, 15,000 ರೂಪಾಯಿ. ತಿಂಗಳಿಗೆ 3,750 ರೂಪಾಯಿ ವ್ಯತ್ಯಾಸ, ವರ್ಷಕ್ಕೆ 45,000. ಮಕ್ಕಳ ಶಾಲೆ ಫೀಸಿಗೆ ದಾರಿಯಾಗುವ ದುಡ್ಡು. ಸಣ್ಣದೇನಲ್ಲ.

ಆದರೆ ಮಂಡಿಪೇಟೆಯ ಅಂಗಡಿಯವನ ಗಾಡಿ ದಿನಾ 80 ಕಿ.ಮೀ. ಓಡುತ್ತದೆಯೇ? ಯಾರ್ಡಿಗೆ ಹೋಗಿ, ನಾಲ್ಕು ಅಂಗಡಿಗೆ ಮಾಲು ಇಳಿಸಿ, ವಾರಕ್ಕೆ ಒಂದೆರಡು ಸಲ ಹರಿಹರಕ್ಕೆ ಹೋಗಿಬಂದರೆ ಸರಾಸರಿ 30 ಬಿದ್ದರೆ ಹೆಚ್ಚು. ಆಗ ತಿಂಗಳಿಗೆ 750 ಕಿ.ಮೀ. ಒಂದಕ್ಕೆ ಸುಮಾರು 4,220 ರೂಪಾಯಿ, ಇನ್ನೊಂದಕ್ಕೆ 5,625. ವ್ಯತ್ಯಾಸ 1,400 ರೂಪಾಯಿ ಚಿಲ್ಲರೆ. ಅದೇ ಗಾಡಿ, ಅದೇ ಮೈಲೇಜು; ಓಟ ಕಡಿಮೆಯಾದರೆ ಉಳಿತಾಯವೂ ಕರಗಿತು. ಇದನ್ನು ಬ್ರೋಕರು ಹೇಳುವುದಿಲ್ಲ. ಅವನಿಗೆ ಬೇಕಾದ್ದು ಇಪ್ಪತ್ತರ ಮಾತು ಮಾತ್ರ.

ಕಿಲೋಮೀಟರಿಗೆಷ್ಟು ಅಲ್ಲ, ಕ್ವಿಂಟಾಲಿಗೆಷ್ಟು?

ಇನ್ನೊಂದು ಮಾತು. ನೀವು ದುಡಿಯುವುದು ಕಿಲೋಮೀಟರು ಮಾರಿ ಅಲ್ಲ, ಮಾಲು ಸಾಗಿಸಿ. ದಾವಣಗೆರೆಯಿಂದ ಹರಿಹರ 14 ಕಿ.ಮೀ. ಹೋಗಿ ಬರಲು 28. ಅಕ್ಕಿ 25 ಕೆ.ಜಿ.ಯ 48 ಚೀಲ, ಅಂದರೆ 12 ಕ್ವಿಂಟಾಲು ಸಾಗಿಸಬೇಕು ಅನ್ನಿ. ಒಂದೂಕಾಲು ಟನ್ನಿನ ಗಾಡಿ ಒಂದೇ ಟ್ರಿಪ್ಪಿಗೆ ಮುಗಿಸುತ್ತದೆ. 12ರ ಮೈಲೇಜಿನಲ್ಲಿ 210 ರೂಪಾಯಿ ಡೀಸೆಲ್. ಮುಕ್ಕಾಲು ಟನ್ನಿನದಕ್ಕೆ ಎರಡು ಟ್ರಿಪ್ಪು ಬೇಕು. 56 ಕಿ.ಮೀ., 16ರ ಮೈಲೇಜಿನಲ್ಲಿ 315 ರೂಪಾಯಿ. ಹೆಚ್ಚು ಮೈಲೇಜಿನ ಗಾಡಿಯೇ ಇಲ್ಲಿ ಹೆಚ್ಚು ಕುಡಿಯಿತು! ಜೊತೆಗೆ ಎರಡು ಸಲ ಹೋಗಿ ಬರುವ ಹೊತ್ತು.

ಅದೇ 6 ಕ್ವಿಂಟಾಲು ಸಾಗಿಸುವವನಿಗೆ ಲೆಕ್ಕ ಉಲ್ಟಾ. ಸಣ್ಣ ಗಾಡಿಗೆ 157 ರೂಪಾಯಿ ಐವತ್ತು ಪೈಸೆ, ದೊಡ್ಡದಕ್ಕೆ ಅದೇ 210. ಅರ್ಧ ಖಾಲಿ ತೊಟ್ಟಿ ಓಡಿಸಿದರೆ ಗಾಳಿಗೆ ಬಾಡಿಗೆ ಕೊಟ್ಟ ಹಾಗೆ. ಇನ್ನು ಮಂಡಕ್ಕಿ ಭಟ್ಟಿಯವರ ಸಮಸ್ಯೆಯೇ ಬೇರೆ. ಮಂಡಕ್ಕಿ ಮೂಟೆ ನೋಡಲು ಗುಡ್ಡ, ಎತ್ತಿದರೆ ಹತ್ತಿ. ಅವರಿಗೆ ಟನ್ನು ಬೇಕಾಗಿಲ್ಲ. ತೊಟ್ಟಿಯ ಉದ್ದ, ಅಗಲ ಬೇಕು. ಸಿಮೆಂಟು, ಕಬ್ಬಿಣದ ಅಂಗಡಿಯವರಿಗೆ ತೊಟ್ಟಿ ಗಿಡ್ಡವಿದ್ದರೂ ಸರಿ, ಕೆಳಗಿನ ಪಟ್ಟೆ ಗಟ್ಟಿಯಿರಬೇಕು. ಪಕ್ಕದ ಅಂಗಡಿಯವನು ತಂದ ಅಂತ ಅದೇ ಗಾಡಿ ತರುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ.

ಹಾಗಂತ ಸಣ್ಣ ಗಾಡಿಗೆ ಹದಿನೈದು ಕ್ವಿಂಟಾಲು ಹೇರಿ "ಏನಾಗ್ತತಿ ಬಿಡ್ರಿ" ಅನ್ನುವ ಜಾಣತನವೂ ಬೇಡ. 2019ರ ತಿದ್ದುಪಡಿಯ ಮೇಲೆ ಮಿತಿ ಮೀರಿ ಹೇರಿದರೆ ದಂಡ 20,000 ರೂಪಾಯಿ. ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಒಂದು ಸಲ ಸಿಕ್ಕಿಬಿದ್ದರೆ ಅರ್ಧ ವರ್ಷದ ಮೈಲೇಜು ಉಳಿತಾಯ ಅಲ್ಲೇ ಹೋಯಿತು.

ನಿಂತ ದಿನದ ಲೆಕ್ಕ

ಬಂಕಿನ ಖರ್ಚು ದಿನಾ ಕಣ್ಣಿಗೆ ಬೀಳುತ್ತದೆ. ಗಾಡಿ ನಿಂತ ಖರ್ಚು ಯಾರ ಡೈರಿಯಲ್ಲೂ ಇರುವುದಿಲ್ಲ. ಅದೇ ನಮ್ಮನ್ನು ಮುಳುಗಿಸುವುದು.

ಒಂದು ದಿನ ಗಾಡಿ ನಿಂತಿತು ಅನ್ನಿ. ಡೀಸೆಲ್ ಕಳೆದು ಕೈಗೆ ಉಳಿಯಬೇಕಾಗಿದ್ದ 1,000 ರೂಪಾಯಿ ಹೋಯಿತು. ಎಳೆಸಿಕೊಂಡು ಬರಲು, ಮೆಕ್ಯಾನಿಕ್ಕಿಗೆ, ಚಿಕ್ಕಪುಟ್ಟ ಸಾಮಾನಿಗೆ 1,500 ಹಿಡಿಯಿರಿ. ಒಟ್ಟು 2,500. ಮೇಲಿನ ಅಗ್ಗದ ಗಾಡಿಗೆ ಇದನ್ನು ಹಚ್ಚಿ ನೋಡಿ. ಇನ್ನೊಂದು ಗಾಡಿಗೆ ಕೊಡಬೇಕಿದ್ದ ಹೆಚ್ಚಿನ ಲಕ್ಷಕ್ಕೆ ಶೇ. 15 ಬಡ್ಡಿ ಅಂದರೂ ತಿಂಗಳಿಗೆ 1,250 ರೂಪಾಯಿ. ಅದೂ ಉಳಿಯಿತು ಅನ್ನೋಣ. ಅಸಲಿನ ಮಾತು ಸದ್ಯಕ್ಕೆ ಬೇಡ, ಗಾಡಿ ಮಾರುವಾಗ ಅದರಲ್ಲಿ ಒಂದಷ್ಟು ತಿರುಗಿ ಬರುತ್ತದೆ.

ದಿನಕ್ಕೆ 80 ಕಿ.ಮೀ. ಓಡಿಸುವವನಿಗೆ ಡೀಸೆಲಿನಲ್ಲಿ 3,750, ಬಡ್ಡಿಯಲ್ಲಿ 1,250, ಒಟ್ಟು ತಿಂಗಳಿಗೆ 5,000 ಉಳಿತಾಯ. ಗಾಡಿ ತಿಂಗಳಿಗೆ ಎರಡು ಸಲ ಕೈಕೊಟ್ಟರೆ ಸರಿಗೆ ಸರಿ. ಒಂದೇ ಸಲ ಕೈಕೊಟ್ಟರೆ ಇನ್ನೂ ಲಾಭ. 30 ಕಿ.ಮೀ.ಯವನಿಗೆ ಒಟ್ಟು ಉಳಿತಾಯ 2,650ರ ಆಸುಪಾಸು. ತಿಂಗಳಿಗೆ ಒಂದೇ ಸಲ ನಿಂತರೂ ಎಲ್ಲ ಸಾಫ್. ಅಂದರೆ ಕಡಿಮೆ ಓಡಿಸುವವನೇ ಗಟ್ಟಿ ಗಾಡಿ ಕೊಳ್ಳಬೇಕು, ಹೆಚ್ಚು ಓಡಿಸುವವನು ಮೈಲೇಜಿನ ಕಡೆ ವಾಲಿದರೆ ತಪ್ಪಲ್ಲ. ನಮ್ಮೂರಲ್ಲಿ ನಡೆಯುವ ಮಾತು ಇದಕ್ಕೆ ತದ್ವಿರುದ್ಧ: "ನಂದೇನ್ರಿ, ಊರೊಳಗ ಅಷ್ಟ ಓಡಾಡೋದು, ಹಳೇದು ಯಾವ್ದಾದ್ರೂ ನಡೀತತಿ!"

ಇದರಲ್ಲಿ ಮಾಲಿನ ಗುಣವನ್ನು ಇನ್ನೂ ಸೇರಿಸಿಲ್ಲ. ಕಬ್ಬಿಣದ ಸರಳು ರಸ್ತೆ ಬದಿ ಎರಡು ದಿನ ಕಾಯುತ್ತದೆ, ಟೊಮೆಟೊ ಕಾಯುವುದಿಲ್ಲ. ಹೂವು, ಹಾಲು, ವೀಳ್ಯದೆಲೆ ಕಾಯುವುದಿಲ್ಲ. ಹರಾಜಿನ ಹೊತ್ತು ತಪ್ಪಿದರೆ ನಾಳೆ ಅದೇ ಮಾಲಿಗೆ ಅರ್ಧ ಬೆಲೆ. ಮದುವೆ ಮನೆಗೆ ಸಾಮಾನು ಒಪ್ಪಿಕೊಂಡು ಗಾಡಿ ಕೈಕೊಟ್ಟರೆ ಹೋಗುವುದು ಬಾಡಿಗೆಯಲ್ಲ, ಹೆಸರು. ಹೋದ ಹೆಸರಿಗೆ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಎರಡೂ ಒಂದೇ ತಾಯಿ ಮಕ್ಕಳು

ಇಷ್ಟು ಹೊತ್ತು ಮೈಲೇಜನ್ನೂ ಭರವಸೆಯನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದ್ದಾಯಿತು. ಬೇರೆ ಬೇರೆ ಕಂಪನಿಯ, ಬೇರೆ ಬೇರೆ ಅಳತೆಯ ಗಾಡಿಗಳ ನಡುವೆ ಆ ತೂಕ ಸರಿ. ಆದರೆ ಒಂದೇ ಮಾದರಿಯ ಎರಡು ಹಳೇ ಗಾಡಿಗಳ ನಡುವೆ ಆರಿಸುವಾಗ ಜಗಳವೇ ಇಲ್ಲ. ಮೈಲೇಜು ಬಿದ್ದಿದೆ ಎಂದರೆ ಒಳಗೆ ಏನೋ ರೋಗವಿದೆ ಎಂದೇ ಅರ್ಥ.

ಏರ್ ಫಿಲ್ಟರು ಕಟ್ಟಿಕೊಂಡಿದ್ದರೆ ಡೀಸೆಲ್ ಸರಿಯಾಗಿ ಉರಿಯದೆ ಕಪ್ಪು ಹೊಗೆಯಾಗಿ ಹೋಗುತ್ತದೆ. ಇಂಜೆಕ್ಟರು ಸವೆದಿದ್ದರೂ ಅದೇ ಕಥೆ. ಬ್ರೇಕು ಹಿಡಿದುಕೊಂಡಿದ್ದರೆ ಚಕ್ರ ಬಿಸಿಯಾಗುತ್ತದೆ, ಗಾಡಿ ಎಳೆಯುವುದಿಲ್ಲ. ಕ್ಲಚ್ಚು ಜಾರುತ್ತಿದ್ದರೆ ಎಂಜಿನ್ನು ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಪಿಸ್ಟನ್ ರಿಂಗು ಸವೆದರೆ ಕಂಪ್ರೆಶನ್ ಹೋಗುತ್ತದೆ. ಡೀಸೆಲಿನ ಜೊತೆ ಆಯಿಲ್ಲೂ ಉರಿಯುತ್ತದೆ. ಇವೆಲ್ಲ ಇವತ್ತು ಬಂಕಿನಲ್ಲಿ ದುಡ್ಡು ತಿನ್ನುತ್ತವೆ, ನಾಳೆ ರಸ್ತೆಯಲ್ಲಿ ಗಾಡಿ ನಿಲ್ಲಿಸುತ್ತವೆ. ಚೆನ್ನಾಗಿ ಸಾಕಿದ ಗಾಡಿ ಎರಡನ್ನೂ ಕೊಡುತ್ತದೆ. ಸಾಕದ ಗಾಡಿ ಎರಡನ್ನೂ ಕಸಿಯುತ್ತದೆ. ಆದ್ದರಿಂದ ಹೆಸರಿಗಿಂತ ಹಿಂದಿನ ಮಾಲೀಕನ ಕೈ ದೊಡ್ಡದು. ಸ್ವಂತ ಅಂಗಡಿಗೆ ಒಬ್ಬನೇ ಓಡಿಸಿದ ಗಾಡಿಗೂ, ದಿನಕ್ಕೊಬ್ಬ ಡ್ರೈವರಿನ ಕೈಯಲ್ಲಿ ಮರಳು, ಜಲ್ಲಿ ಹೊತ್ತ ಗಾಡಿಗೂ ಅಜಗಜಾಂತರ.

ಹಲ್ಲು ಎಣಿಸುವುದು ಹೇಗೆ?

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು, ಸರಿ. ಆದರೆ ಇದು ದಾನವಲ್ಲ. ನಮ್ಮ ಹಿರಿಯರು ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ, ಸುಳಿ ನೋಡಿ, ನಡೆಸಿ, ನೊಗ ಹೂಡಿ ನೋಡಿದ ಮೇಲೆಯೇ ಟವೆಲಿನ ಕೆಳಗೆ ಬೆರಳು ಹಿಡಿಯುತ್ತಿದ್ದರು. ಗಾಡಿಗೂ ಅದೇ ಶಾಸ್ತ್ರ.

ಬೆಳಿಗ್ಗೆ ಹೋಗಿ, ಹೇಳದೆ ಹೋದರೆ ಇನ್ನೂ ಒಳ್ಳೆಯದು. ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ನಿನ ಹತ್ತಿರ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಯಾರೋ ಓಡಿಸಿದ್ದಾರೆ, ತಣ್ಣಗಿದ್ದಾಗ ಏಳದ ಗಾಡಿ ಇರಬಹುದು. ತಣ್ಣಗಿರುವಾಗ ಎರಡು ಸುತ್ತಿಗೆ ಎದ್ದರೆ ಅರ್ಧ ಪಾಸು.

ಹೊಗೆ ನೋಡಿ. ಕಪ್ಪು ಹೊಗೆಯಾದರೆ ಫಿಲ್ಟರು, ಇಂಜೆಕ್ಟರಿನ ಕಡೆಯ ದೋಷ. ಸರಿ ಮಾಡಿಸಬಹುದು, ಬೆಲೆಯಲ್ಲಿ ಕಡಿಯಿರಿ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಕೆಲಸ ಹತ್ತಿರದಲ್ಲೇ ಇದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಇಳಿಯುತ್ತಿರಬಹುದು. ಕೈ ಮುಗಿದು ಬನ್ನಿ. ಎಂಜಿನ್ನು ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಸಿ. ಅಲ್ಲಿಂದ ಹಬೆ ಬುಸುಬುಸು ಎದ್ದರೆ ರಿಂಗು ಮುಗಿದಿದೆ. ಎಂಜಿನ್ನು ತಣ್ಣಗಿರುವಾಗ ರೇಡಿಯೇಟರಿನ ನೀರಿನ ಮೇಲೆ ಎಣ್ಣೆ ಜಿಡ್ಡು ಇದೆಯೇ ನೋಡಿ.

ಆಮೇಲೆ ಬಗ್ಗಿ ಕೆಳಗೆ ನೋಡಿ. ಹೊಸ ಬಣ್ಣ ನಮ್ಮ ಕಣ್ಣಿಗೆ, ಹಳೇ ವೆಲ್ಡಿಂಗು ಗಾಡಿಯ ಬೆನ್ನಿಗೆ. ಚಾಸಿಸ್ಸಿನ ಮೇಲೆ ವೆಲ್ಡಿಂಗ್ ಗುರುತು ಇದ್ದರೆ ಅಪಘಾತವೋ ಓವರ್‌ಲೋಡೋ ನಡೆದಿದೆ. ಹಿಂದಿನ ಪಟ್ಟೆಗೆ ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಎಲೆ ಸೇರಿಸಿದ್ದರೆ ಗಾಡಿ ಕತ್ತೆಯಂತೆ ದುಡಿದಿದೆ ಅಂತ ತಾನೇ ಹೇಳಿಕೊಂಡ ಹಾಗೆ. ಮೀಟರು 60,000 ತೋರಿಸುತ್ತಾ ಕ್ಲಚ್ ಪೆಡಲಿನ ರಬ್ಬರು ನುಣ್ಣಗೆ ಸವೆದಿದ್ದರೆ ಮೀಟರನ್ನು ನಂಬಬೇಡಿ, ರಬ್ಬರನ್ನು ನಂಬಿ.

ಕೊನೆಗೆ ಲೋಡು ಹಾಕಿ ಓಡಿಸಿ. ಖಾಲಿ ಗಾಡಿಯೆಲ್ಲ ಕುದುರೆಯೇ. ಮೈಲೇಜು ನೋಡಬೇಕಾದರೆ ಟ್ಯಾಂಕನ್ನು ಕುತ್ತಿಗೆವರೆಗೆ ತುಂಬಿಸಿ, ಓಡಿಸಿ ಬಂದು, ಅದೇ ಬಂಕಿನಲ್ಲಿ ಅಷ್ಟೇ ಮಟ್ಟಕ್ಕೆ ತುಂಬಿಸಿ, ಓಡಿದ ಕಿ.ಮೀ.ಯನ್ನು ಹಿಡಿದ ಲೀಟರಿನಿಂದ ಭಾಗಿಸಿ. ಹರಿಹರಕ್ಕೆ ಎರಡು ಸಲ ಹೋಗಿ ಬಂದರೆ 56 ಕಿ.ಮೀ. ಆದರೆ ಇಷ್ಟೇ ಓಡಿಸಿ ತೀರ್ಮಾನಕ್ಕೆ ಬರಬೇಡಿ. ಮೂರೂವರೆ ಲೀಟರು ಹಿಡಿದರೆ 16 ಬಂತು, ನಾಲ್ಕೂವರೆ ಹಿಡಿದರೆ ಹನ್ನೆರಡೂವರೆ. ನಡುವೆ ಇರುವುದು ಒಂದೇ ಲೀಟರು. ಟ್ಯಾಂಕಿನ ನೊರೆಯಲ್ಲೇ ಅಷ್ಟು ಮೋಸ ಅಡಗುತ್ತದೆ. ಚಿತ್ರದುರ್ಗದವರೆಗೆ ಹೋಗಿ ಬನ್ನಿ, 120 ಕಿ.ಮೀ. ಆಗುತ್ತದೆ. ಡೀಸೆಲ್ ಖರ್ಚು ನಿಮ್ಮದೇ ಇರಲಿ. ಮಾರುವವನು ಇದಕ್ಕೆ ಒಪ್ಪದಿದ್ದರೆ ಪರೀಕ್ಷೆ ಅಲ್ಲೇ ಮುಗಿಯಿತು, ಉತ್ತರವೂ ಸಿಕ್ಕಿತು.

ಹೊಸ ಕಾಲದ ಎಂಜಿನ್ನು

ಎಂಜಿನ್ನಿನ ವಯಸ್ಸಿನ ಜೊತೆ ಅದರ ಕಾಲವನ್ನೂ ನೋಡಬೇಕು. 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್-4, 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂತು. ಹಳೇ ಮೆಕ್ಯಾನಿಕಲ್ ಪಂಪಿನ ಎಂಜಿನ್ನು ರಸ್ತೆ ಬದಿಯಲ್ಲಿ ಸ್ಪ್ಯಾನರು ಹಿಡಿದು ಕೂತವನಿಗೂ ಬಗ್ಗುತ್ತದೆ. ಹೊಸ ಕಾಮನ್ ರೈಲ್ ಎಂಜಿನ್ನಿಗೆ ಎಳೆತ ಚೆನ್ನ, ಮೈಲೇಜು ಚೆನ್ನ, ಹೊಗೆ ಕಡಿಮೆ. ಆದರೆ ಸೆನ್ಸರು ಕೆಟ್ಟರೆ ಸ್ಕ್ಯಾನರು ಬೇಕು. ಕೊಳಕು ಡೀಸೆಲ್ ಹೋದರೆ ಇಂಜೆಕ್ಟರು ಬಲು ತುಟ್ಟಿ.

ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರು ಬೇರೆ ಇರುತ್ತದೆ. ಹಿಡಿದ ಮಸಿಯನ್ನು ಸುಟ್ಟುಕೊಳ್ಳಲು ಅದಕ್ಕೆ ಸ್ವಲ್ಪ ಹೊತ್ತು ಒಂದೇ ವೇಗದ ಓಟ ಬೇಕು. ದಿನವಿಡೀ ಮಂಡಿಪೇಟೆಯ ಗಲ್ಲಿಯಲ್ಲಿ ನಿಂತು ನಡೆಯುವ ಗಾಡಿಯಲ್ಲಿ ಮಸಿ ಕಟ್ಟಿಕೊಂಡು ದೀಪ ಹೊತ್ತಿಕೊಳ್ಳುತ್ತದೆ. ಅಂಥವರು ಆಗಾಗ ಹೆದ್ದಾರಿಗೆ ಹೋಗಿ ಓಡಿಸಿಕೊಂಡು ಬರಬೇಕು, ಇಲ್ಲವೇ ಪೆಟ್ರೋಲ್, ಸಿಎನ್‌ಜಿ ಗಾಡಿಯ ಯೋಚನೆ ಮಾಡಬೇಕು. ಸಿಎನ್‌ಜಿ ಆದರೆ ಸಿಲಿಂಡರಿನ ಪರೀಕ್ಷಾ ಸರ್ಟಿಫಿಕೇಟು ಚಾಲ್ತಿಯಲ್ಲಿದೆಯೇ ನೋಡಿ, ಬಂಕಿನ ಕ್ಯೂನಲ್ಲಿ ಕಳೆಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ.

ಕಂಪನಿ ಕೈಬಿಟ್ಟ ಎಂಜಿನ್ನು ಬೇರೆ ತಾಪತ್ರಯ. ಸೂಪರ್ ಕ್ಯಾರಿಯಲ್ಲಿ ಮೊದಲು ಬಂದ 793 ಸಿ.ಸಿ. ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನು ಬಿಎಸ್-6 ಬಂದಾಗ ನಿಂತುಹೋಯಿತು. ಎಂಜಿನ್ನು ಕೆಟ್ಟದ್ದೆಂದಲ್ಲ, ಆದರೆ ಇಂಥ ಗಾಡಿಗೆ ಮುಂಗಡ ಕೊಡುವ ಮೊದಲು ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಾಮಾನು ಸಿಗುತ್ತದೆಯೇ, ಎಷ್ಟು ದಿನಕ್ಕೆ ಬರುತ್ತದೆ ಎಂದು ವಿಚಾರಿಸಿ. ಭರವಸೆ ಅಂದರೆ ಕೆಡದೇ ಇರುವುದಷ್ಟೇ ಅಲ್ಲ. ಕೆಟ್ಟರೆ ಸಂಜೆಯೊಳಗೆ ಸರಿಹೋಗುವುದೂ ಭರವಸೆಯೇ. ಈ ವಿಷಯದಲ್ಲಿ ನಾವು ಪುಣ್ಯವಂತರು. 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರ ಮಾಡಿ ಹರಿಹರದ ಹೆಸರನ್ನು ದೇಶಕ್ಕೆಲ್ಲ ಹರಡಿತು. ಕಾರ್ಖಾನೆ ಮುಚ್ಚಿತು, ಕಬ್ಬಿಣ ಕಡೆಯುವ ವಿದ್ಯೆ ಊರಿಗೆ ಹೊಸದಲ್ಲ.

ಕಾಗದ ಸರಿಯಿಲ್ಲದಿದ್ದರೆ ಎಂಜಿನ್ನು ಇದ್ದೇನು?

ಎಷ್ಟೇ ಗಟ್ಟಿ ಗಾಡಿಯಾದರೂ ಕಾಗದ ಸರಿಯಿಲ್ಲದಿದ್ದರೆ ಅದು ನಿಲ್ಲುವುದು ರಸ್ತೆಯಲ್ಲಲ್ಲ, ಪೊಲೀಸ್ ಠಾಣೆಯ ಆವರಣದಲ್ಲಿ. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಏಳೂವರೆ ವರ್ಷದ ಗಾಡಿ ಅಗ್ಗಕ್ಕೆ ಸಿಕ್ಕಿತು ಎಂದು ಹಿಗ್ಗುವ ಮೊದಲು ಇದನ್ನು ನೆನೆಯಿರಿ. ಗಾಡಿಯ ನಂಬರು ಹಾಕಿದರೆ ಎಂಪರಿವಾಹನ್ ಆ್ಯಪಿನಲ್ಲಿ ಎಫ್.ಸಿ., ಇನ್ಶೂರೆನ್ಸು ಎಲ್ಲಿಯವರೆಗೆ ಎಂಬುದು ಬರುತ್ತದೆ. ಬಾಕಿ ಬಿದ್ದ ದಂಡವಿದ್ದರೆ ಅದನ್ನೂ ನೋಡಿಕೊಳ್ಳಿ. ಕೆಎ-17 ಇದ್ದರೆ ನಮ್ಮದೇ ಆರ್‌ಟಿಒ. ಬೇರೆ ಜಿಲ್ಲೆಯ ನಂಬರಾದರೆ ಗಾಡಿ ಯಾಕೆ ಊರು ಬಿಟ್ಟು ಬಂತು ಎಂದು ಕೇಳುವುದು ತಪ್ಪಲ್ಲ.

ಫೈನಾನ್ಸಿನವರ ಹೆಸರು ಆರ್.ಸಿ.ಯಲ್ಲಿದ್ದರೆ ಅವರ ಎನ್ಒಸಿ ಮತ್ತು ಫಾರಂ 35 ಇಲ್ಲದೆ ಪೂರ್ತಿ ದುಡ್ಡು ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29, 30. ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸು ಹೆಸರು ಬದಲಾವಣೆಗೂ 14 ದಿನ. "ಸೈನ್ ಮಾಡಿ ಕೊಟ್ಟೀನಲ್ರಿ, ಯಾವಾಗಾದ್ರೂ ಮಾಡಿಸ್ಕೊಳ್ರಿ" ಎನ್ನುವ ಮಾತಿಗೆ ಮಾರುವವರೂ ಕೊಳ್ಳುವವರೂ ಮರುಳಾಗಬೇಡಿ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಮಾರಿ ಮೂರು ವರ್ಷವಾದ ಗಾಡಿ ಯಾರನ್ನೋ ಗುದ್ದಿದರೆ ನೋಟೀಸು ನಿಮ್ಮ ಅಂಗಡಿಗೆ ಬರುತ್ತದೆ.

ಒಂದೆರಡು ಸಮಾಧಾನದ ಮಾತೂ ಇವೆ. ಲೋಡು ಸೇರಿ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಾಗಿಲ್ಲ. ದೊಡ್ಡ ಪಿಕಪ್ಪುಗಳಲ್ಲಿ ಕೆಲವು ಈ ಗೆರೆ ದಾಟುತ್ತವೆ; ಆರ್.ಸಿ. ಓದಿ ನೋಡಿ. ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ಗಾಡಿಯನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದಿದೆ. ಸ್ವಂತ ಗಾಡಿ ತಾವೇ ಓಡಿಸುವ ಅಂಗಡಿಯವರಿಗೆ ಇದು ದೊಡ್ಡ ಹೊರೆ ಇಳಿಸಿದ ತೀರ್ಪು.

ಹಾಗಾದರೆ ಯಾವುದು?

ದಿನಕ್ಕೆ ಮೂವತ್ತು, ನಲವತ್ತು ಕಿ.ಮೀ. ಓಡಿಸುವ ಅಂಗಡಿಕಾರರೇ, ಮೈಲೇಜಿನ ಮಾತು ಬಿಡಿ. ಗಟ್ಟಿ ಗಾಡಿ ನೋಡಿ. ತರಕಾರಿ, ಹೂವು, ಎಲೆ, ಹಾಲು ಸಾಗಿಸುವವರು ಎಷ್ಟೇ ಓಡಿಸಿದರೂ ಮೊದಲು ಭರವಸೆ, ಆಮೇಲೆ ಬಂಕು. ದಿನಾ ನೂರರ ಹತ್ತಿರ ಹೆದ್ದಾರಿಯಲ್ಲಿ ಓಡುವವರು, ಕೆಡದ ಮಾಲು ಸಾಗಿಸುವವರು ಮೈಲೇಜಿಗೆ ಹೆಚ್ಚು ಅಂಕ ಕೊಡಬಹುದು. ಆದರೆ ತಿಂಗಳಿಗೆ ಎರಡು ಸಲ ನಿಲ್ಲುವ ಗಾಡಿಯ ಮೈಲೇಜು ಮೈಲೇಜೇ ಅಲ್ಲ. ಭಾರ ಹೇರುವವರು ಕಿಲೋಮೀಟರಿಗೆಷ್ಟು ಎಂದು ಕೇಳದೆ ಕ್ವಿಂಟಾಲಿಗೆಷ್ಟು ಎಂದು ಕೇಳಿ.

ಯಾರೇ ಆಗಲಿ, ಇರುವ ದುಡ್ಡನ್ನೆಲ್ಲ ಗಾಡಿಯ ಬೆಲೆಗೇ ಸುರಿಯಬೇಡಿ. ಮೂರು ಲಕ್ಷವಿದ್ದರೆ ಎರಡು ಮುಕ್ಕಾಲಿನ ಗಾಡಿ ನೋಡಿ. ಉಳಿದ ಕಾಲು ಲಕ್ಷದಲ್ಲಿ ಮೊದಲ ತಿಂಗಳೇ ಆಯಿಲ್ಲು, ಫಿಲ್ಟರು, ಬೆಲ್ಟು, ಬ್ರೇಕ್ ಲೈನರು, ಬ್ಯಾಟರಿ ಮಾಡಿಸಿ. ನಿಮಗೆ ಗೊತ್ತಿರುವ ಮೇಸ್ತ್ರಿಯನ್ನು ಗಾಡಿ ನೋಡಲು ಕರೆದುಕೊಂಡು ಹೋಗಿ, ಅವನ ಅರ್ಧ ದಿನದ ಕೂಲಿ ಕೊಡಿ. ಬ್ರೋಕರು ಕಳಿಸಿದ ಮೇಸ್ತ್ರಿ ಬೇಡ, ಅವನ ಕೂಲಿ ಗಾಡಿಯ ಬೆಲೆಯೊಳಗೇ ಸೇರಿರುತ್ತದೆ.

ಬಸ್ಸಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೂ ಒಂದು ಮಾತು. ನಾಳೆ ರಸ್ತೆಯಲ್ಲಿ ಪಿಕಪ್ಪು ಅಡ್ಡ ನಿಂತು ನಿಮ್ಮ ಬಸ್ಸು ತಡವಾದರೆ ಬೈಯುವ ಹಕ್ಕು ನಿಮಗೆ ಖಂಡಿತ ಇದೆ. ಬೈದಾದ ಮೇಲೆ ಇಳಿದು ನಾಲ್ಕು ಜನ ಸೇರಿ ಗಾಡಿಯನ್ನು ರಸ್ತೆ ಪಕ್ಕಕ್ಕೆ ನೂಕಿಕೊಡಿ. ಬಸ್ಸಿಗೆ ದಾರಿಯಾಗುತ್ತದೆ, ಟೊಮೆಟೊ ಸಾರಿಗೆ ಅದರಲ್ಲಿರುವ ಕ್ರೇಟುಗಳೂ ಹೊತ್ತಿಗೆ ಸರಿಯಾಗಿ ಪೇಟೆ ಸೇರುತ್ತವೆ.